ಅಂಗೈಯಲ್ಲಿ ಉಳಿದ ವಾಸನೆ

"ಬಾಗಲಾ ಹಾಕ್ಕೋರಿ ನಜೀರಸಾಬ್ರ. ಗಾಳಿ ಆಡಬಾರದು," ಎಂದರು ಉಡಚಪ್ಪ.

ನಜೀರಸಾಬರು ಗ್ಯಾರೇಜಿನ ತಗಡಿನ ಬಾಗಿಲು ಎಳೆದು, ಹೆಗಲ ಮೇಲಿನ ವಸ್ತ್ರವನ್ನು ಮೂಗಿಗೆ ಅಡ್ಡ ಹಿಡಿದು ನಿಂತರು. ನರಗುಂದದಲ್ಲಿ ಅವರ ಕ್ರೇನು ಎಂದರೆ ಎಲ್ಲರಿಗೂ ಗೊತ್ತು. ಗಜೇಂದ್ರಗಡದ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳ ರೆಕ್ಕೆಗಳನ್ನು ಎತ್ತಿ ಕೂಡಿಸಿದ್ದು ಅದೇ ಕ್ರೇನು. ಐದು ಹೊತ್ತಿನ ನಮಾಜು ತಪ್ಪಿಸದ ಈ ಮನುಷ್ಯನ ಗ್ಯಾರೇಜಿನಲ್ಲಿ, ನಟ್ಟು ಬೋಲ್ಟಿನ ಡಬ್ಬಿಗಳ ಹಿಂದೆ, ಹಳೇ ಪೇಪರಿನಲ್ಲಿ ಸುತ್ತಿದ ವಿಸ್ಕಿ ಬಾಟಲಿಯೊಂದು ಮೂರು ವಾರದಿಂದ ತಲೆಮರೆಸಿಕೊಂಡಿತ್ತು. ಕೊಟ್ಟವನು ಕೆಲಸ ಮುಗಿಸಿ ತನ್ನೂರಿಗೆ ಹೊರಟ ಅಮೆರಿಕದ ಇಂಜಿನಿಯರ. ಬೇಡವೆಂದರೆ ಅವನ ಮನಸ್ಸು ನೋಯುತ್ತಿತ್ತು, ಚೆಲ್ಲಿದರೆ ಕೊಟ್ಟದ್ದಕ್ಕೆ ಅವಮಾನ, ಮನೆಗೆ ಒಯ್ದರೆ ಹೆಂಡತಿ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಹೀಗಾಗಿ ಅದರ ಸೀಲು ಹಾಗೇ ಉಳಿದಿತ್ತು.

ಅದೇ ಇಂಜಿನಿಯರ ಕೊಟ್ಟುಹೋದ ಇದರ ಜೋಡಿ ಬಾಟಲಿಯೇ ಗಜೇಂದ್ರಗಡದ ಜಮೀನುದಾರ ಅಂದಾನೆಪ್ಪನವರ ಜೀವ ತೆಗೆಯಿತೆಂದು ಪೊಲೀಸರು ಬರೆದುಕೊಂಡು, ಎರಡನ್ನೂ ತಲುಪಿಸಿದ್ದ ಗಾಳಿಯಂತ್ರದ ಕಂಪನಿಯ ಡ್ರೈವರ್ ಖಾದರನನ್ನು ಹದಿನೆಂಟು ದಿನದಿಂದ ಒಳಗೆ ಹಾಕಿದ್ದರು.

ಉಡಚಪ್ಪನವರು ಅಬಕಾರಿ ಇಲಾಖೆಯಲ್ಲಿ ಮೂವತ್ತು ವರ್ಷ ಕಳೆದು ರೋಣದ ಮನೆಗೆ ಬಂದು ಕುಳಿತವರು. ಕಳ್ಳಭಟ್ಟಿಯಿಂದ ಹಿಡಿದು ಪರದೇಶದ ಸ್ಕಾಚಿನ ತನಕ ಅವರ ಮೂಗಿನಡಿ ಹಾಯದ ಮದ್ಯವಿಲ್ಲ. ಆದರೆ ಒಂದು ಗುಟುಕೂ ಗಂಟಲಿಗೆ ಇಳಿದಿಲ್ಲ. ಈ ನೌಕರಿ ಸಿಕ್ಕ ವಾರವೇ ಅವರ ತಾಯಿ ಮಗನನ್ನು ಇಟಗಿಗೆ ಕರೆದೊಯ್ದು ಭೀಮಾಂಬಿಕೆಯ ಎದುರು ಆಣೆ ಹಾಕಿಸಿದ್ದಳು. ನಾಲಿಗೆಯ ತುದಿಗೆ ಮುಟ್ಟಿಸಬಹುದು, ನುಂಗಕೂಡದು. ಇಷ್ಟು ರಿಯಾಯಿತಿ ದೇವಿ ಕೊಟ್ಟದ್ದೋ ತಾಯಿ ಕೊಟ್ಟದ್ದೋ, ಅವರು ಕೇಳಲು ಹೋಗಿರಲಿಲ್ಲ.

ಸೀಲು ಮುರಿದು ಬಿರಡೆ ಈಚೆ ಬಂದದ್ದೇ ತಡ, ನಜೀರಸಾಬರು ಎರಡು ಹೆಜ್ಜೆ ಹಿಂದೆ ಸರಿದರು.

"ಇದೇನ್ರಿ ಸಾಹೇಬ್ರ, ಯಾರೋ ದವಾಖಾನಿಗೆ ಬೆಂಕಿ ಹಚ್ಚಿದಂಗ ನಾರತೈತಿ."

ಉಡಚಪ್ಪನವರು ನಗಲಿಲ್ಲ. ಅಂದಾನೆಪ್ಪನವರ ಮನೆಯವರು ಪಂಚನಾಮೆಯಲ್ಲಿ ಬರೆಸಿದ್ದೂ ಹೆಚ್ಚುಕಡಿಮೆ ಇದೇ ಮಾತು. ಬಾಟಲಿ ಬಿಚ್ಚಿದ ಕೂಡಲೇ ಸುಟ್ಟ ಹೊಗೆಯ, ಔಷಧಿಯ ದುರ್ವಾಸನೆ ಬಂತು, ವಿಷ ಮೊದಲೇ ಕೂಡಿತ್ತು.

ಅವರು ಎಡ ಅಂಗೈಯ ಗುಳಿಗೆ ನಾಲ್ಕು ಹನಿ ಬಿಟ್ಟುಕೊಂಡು, ಬಲಗೈಯಿಂದ ಗಸಗಸ ತಿಕ್ಕಿ, ಎರಡೂ ಅಂಗೈಗಳನ್ನು ಬಿಚ್ಚಿ ಹಿಡಿದು ಕಾದರು. ದುವಾ ಕೇಳುವವರ ಕೈ ಹಾಗೇ ಇರುತ್ತದೆ. ಅದು ಸರಿಬರದೆ ನಜೀರಸಾಬರು ಮುಖ ತಿರುಗಿಸಿಕೊಂಡರು.

ಕಳ್ಳಭಟ್ಟಿ ಹಿಡಿಯಲು ಹೋದಾಗ ಅಬಕಾರಿಯವರು ಮಾಡುವ ಪರೀಕ್ಷೆ ಇದು. ಮೊದಲು ಮೂಗಿಗೆ ಬಂದದ್ದನ್ನು ನಂಬಬೇಡ, ಸ್ಪಿರಿಟ್ಟು ಹಾರಿಹೋದ ಮೇಲೆ ಕೈಯಲ್ಲಿ ಉಳಿದದ್ದನ್ನು ನಂಬು ಎಂದು ಅವರ ಹಳೆಯ ಇನ್‌ಸ್ಪೆಕ್ಟರು ಕಲಿಸಿದ್ದರು. ಯೂರಿಯಾ ಹಾಕಿದ್ದು, ಬ್ಯಾಟರಿ ಪುಡಿ ಹಾಕಿದ್ದು, ಎಲ್ಲವೂ ಅಂಗೈಯಲ್ಲಿ ಕಡೆಗೆ ಸಿಕ್ಕಿಬೀಳುತ್ತವೆ.

ಉಡಚಪ್ಪನವರು ಮೂಗು ಒಡ್ಡಿದರು. ಟಿಂಚರಿನ ಚುರುಕು ಬಂದು ಹೋಯಿತು. ಅದರ ಹಿಂದೆ ಹೊಗೆ. ಹಸಿ ದಂಟು ಸುಟ್ಟಾಗ ಹೊಲದಲ್ಲಿ ನೆಲ ಹಿಡಿದು ಹರಡುತ್ತದಲ್ಲ, ಅಂಥ ದಟ್ಟ ಹೊಗೆ. ಇನ್ನೂ ಕಾದರು. ಹುರಿದ ಜವೆಗೋಧಿಯ ಬೆಚ್ಚನೆ ವಾಸನೆ ಬಂತು, ಆಮೇಲೆ ತುಸು ಉಪ್ಪು. ಕಡೆಗೆ ಉಳಿದದ್ದು ಬೆಳಗಿನ ಒಲೆಯ ಬೂದಿ, ಅಷ್ಟೇ. ಕೆಟ್ಟದ್ದು ಯಾವುದೂ ಇರಲಿಲ್ಲ.

ಆಮೇಲೆ ಒಂದು ಹನಿಯನ್ನು ನಾಲಿಗೆಯ ತುದಿಗೆ ಇಟ್ಟುಕೊಂಡರು. ಉರಿಯಿತು, ಹೊಗೆ ಬಾಯಿ ತುಂಬಿತು. ಮೋರಿಗೆ ಉಗುಳಿ, ಬಾಯಿ ಮುಕ್ಕಳಿಸದೆ ಹಾಗೇ ನಿಂತರು. ಹೊಗೆ ಇಳಿದು ಬಹಳ ಹೊತ್ತಿನ ಮೇಲೆ ನಾಲಿಗೆಯ ಬುಡದಲ್ಲಿ ತಳ ಹತ್ತಿದ ಬೆಲ್ಲದ ಪಾಕದ ಸಿಹಿ ಎದ್ದಿತು. ಇದು ಮೂಗಿಗೆ ದಕ್ಕುವ ಸಂಗತಿಯಲ್ಲ, ಬಾಯಿಗೆ ಹಾಕಿಕೊಂಡವರಿಗೆ ಮಾತ್ರ ಗೊತ್ತಾಗುವಂಥದ್ದು.

ಅವರಿಗೆ ಅರ್ಥವಾಯಿತು. ಎಷ್ಟೋ ವರ್ಷಗಳ ಹಿಂದೆ ಇಲಾಖೆಯ ತರಬೇತಿಯಲ್ಲಿ ಒಬ್ಬ ಕೆಮಿಸ್ಟರು ಇಂಥದೇ ವಾಸನೆಯ ಒಂದು ಸ್ಕಾಚು ತೋರಿಸಿದ್ದರು. ಜೌಗು ನೆಲದಲ್ಲಿ ಹುಲ್ಲು, ಬೇರು ಸಾವಿರಾರು ವರ್ಷ ಕೊಳೆತು ಕಪ್ಪು ಹೆಂಟೆಯಾಗುತ್ತದೆ. ಅದನ್ನು ಒಣಗಿಸಿ ಉರಿಸಿ, ಆ ಹೊಗೆಯಲ್ಲಿ ಮೊಳಕೆಯ ಜವೆಗೋಧಿ ಒಣಗಿಸುತ್ತಾರೆ. ಹೊಗೆ ಕಾಳಿಗೆ ಹಿಡಿದು ಕಡೆಯ ಹನಿಯ ತನಕ ಬಿಡುವುದಿಲ್ಲ. ಆದರೆ ಅದು ಸ್ಕಾಟ್ಲೆಂಡಿನವರ ಕೆಲಸ. ಅಮೆರಿಕದವರೂ ಹೀಗೆ ಬರೀ ಜವೆಗೋಧಿಯಲ್ಲಿ, ಹೊಗೆಯಲ್ಲಿ ವಿಸ್ಕಿ ಮಾಡುತ್ತಾರೆಂದು ಉಡಚಪ್ಪನವರಿಗೂ ಈವತ್ತಿನ ತನಕ ಗೊತ್ತಿರಲಿಲ್ಲ.

ಗಜೇಂದ್ರಗಡದ ಪಿಎಸ್‌ಐಗೆ ಗೊತ್ತಾಗುವುದಾದರೂ ಹೇಗೆ? ಆ ಯುವಕ ಯಾವುದೋ ಮದುವೆಯಲ್ಲಿ ಒಮ್ಮೆ ಅಮೆರಿಕದ ವಿಸ್ಕಿ ಕುಡಿದಿದ್ದನಂತೆ, ಅದು ಮೆಕ್ಕೆಜೋಳದ್ದು, ಬೆಲ್ಲದ ನೀರಿನಷ್ಟು ಸಿಹಿ. ಅಮೆರಿಕದ್ದು ಸಿಹಿಯೇ ಇರಬೇಕು, ಹೊಗೆ ಬಂತೆಂದರೆ ಅದು ವಿಷವೇ ಎಂದು ಅವನು ಲೆಕ್ಕ ಹಾಕಿಬಿಟ್ಟಿದ್ದ. ಬಿಚ್ಚಿದಾಗಲೇ ವಾಸನೆ ಇತ್ತು, ಆದ್ದರಿಂದ ಬಿಚ್ಚುವ ಮೊದಲೇ ವಿಷ ಇತ್ತು, ಆದ್ದರಿಂದ ತಂದವನೇ ಹಾಕಿದ. ಗಾಳಿಯಂತ್ರದ ರಸ್ತೆಯಲ್ಲಿ ಕಂಪನಿಯ ಜೀಪು ಅಂದಾನೆಪ್ಪನವರ ಕರುವಿಗೆ ತಾಗಿದ ದಿನ ಅವರು ಖಾದರನಿಗೆ ಹತ್ತು ಮಂದಿಯ ಎದುರು ಕೆನ್ನೆಗೆ ಹೊಡೆದಿದ್ದರು. ಕಾರಣವೂ ಸಿಕ್ಕಿತ್ತು.

ಉಡಚಪ್ಪನವರು ತಮ್ಮ ಧೋತರದ ಅಂಚಿನಿಂದ ಒಂದು ದಾರ ಎಳೆದು, ಬಾಟಲಿಯೊಳಗೆ ವಿಸ್ಕಿ ಎಲ್ಲಿಯವರೆಗೆ ನಿಂತಿದೆಯೋ ಅಲ್ಲಿಗೆ ಸರಿಯಾಗಿ ಹೊರಗಿನಿಂದ ಸುತ್ತಿ ಬಿಗಿದು ಗಂಟು ಹಾಕಿದರು. ಜಪ್ತಿ ಮಾಡಿದ ಮಾಲಿಗೆ ಹೀಗೆ ಗುರುತು ಮಾಡುವುದು ಅವರ ಹಳೆಯ ರೂಢಿ. ಆಮೇಲೆ ಮತ್ತೆ ಪೇಪರು ಸುತ್ತಿ ಕೈಚೀಲಕ್ಕೆ ಇಳಿಸಿದರು.

"ಖಾದರ ಉಳೀತಾನೇನ್ರಿ?" ನಜೀರಸಾಬರು ಕೇಳಿದರು.

"ಸಂಜಿ ನಾಲ್ಕಕ್ಕ ಪಿಎಸ್‌ಐ ಇಬ್ಬರು ಪಂಚರನ್ನ ಕರಕೊಂಡು ಅಂದಾನೆಪ್ಪನವರ ವಾಡೇಕ ಬರತಾರ. ಅವರ ಕಣ್ಣ ಮುಂದ ಇದನ್ನ ಒಂದ್ ಗ್ಲಾಸ್ ನಾ ಕುಡದು ತೋರಸ್ತೀನಿ. ವಾಸನಿ ಬ್ಯಾರೆ, ವಿಷ ಬ್ಯಾರೆ ಅಂತ ಅವರಽ ಬರಕೊಳ್ಳಬೇಕು."

ನಜೀರಸಾಬರು ವಸ್ತ್ರವನ್ನು ಮೂಗಿನಿಂದ ಕೆಳಗಿಳಿಸಿದರು. ಇಟಗಿಯ ಆಣೆಯ ಸಂಗತಿ ಅವರಿಗೂ ಗೊತ್ತಿತ್ತು. ಹೋಗಿ ಬಾಗಿಲು ತೆಗೆದರು.

ಹೊರಗೆ ಹವಾಲ್ದಾರ ಕಳಕಪ್ಪ ಡೀಸೆಲ್ ಹಾಕಿಸಿಕೊಂಡು ಬಂದು ಜೀಪು ನಿಲ್ಲಿಸಿದ್ದ. ಖಾದರನ ಪರ ವಿಚಾರಣೆಗೆ ಹೊರಟ ಉಡಚಪ್ಪನವರ ಜೊತೆಗಿರಲೆಂದು ಪಿಎಸ್‌ಐ ಕಳಿಸಿದ ಮನುಷ್ಯ. ಐವತ್ತರ ಆಸುಪಾಸು, ಮಾತು ಮೆತ್ತಗೆ, ಮೂರು ದಿನದಿಂದ ಕೇಳಿದ ಕಾಗದವನ್ನೆಲ್ಲ ತಂದುಕೊಟ್ಟಿದ್ದ. ಇಂಥವನೊಬ್ಬ ಇಲಾಖೆಯಲ್ಲಿ ಉಳಿದಿದ್ದಾನಲ್ಲ ಎಂದು ಉಡಚಪ್ಪನವರಿಗೆ ಒಳಗೊಳಗೇ ಸಮಾಧಾನವಾಗಿತ್ತು.

ದಾರಿಯುದ್ದಕ್ಕೂ ಕಡಲೆಯ ಹೊಲಗಳು ಒಣಗಿ ಬಿಳುಚಿಕೊಂಡಿದ್ದವು. ಉಡಚಪ್ಪನವರು ಮತ್ತೊಮ್ಮೆ ಆ ದಿನದ ಸಂಗತಿ ಕೇಳಿದರು. ಕಳಕಪ್ಪ ಬೇಸರವಿಲ್ಲದೆ ಹೇಳಿದ. ದೀಪ ಹಚ್ಚುವ ಹೊತ್ತಿಗೆ ಅಂದಾನೆಪ್ಪನವರು ಬಾಟಲಿ ಬಿಚ್ಚಿದ್ದು, ವಾಸನೆ ಬಂದದ್ದು, ಆದರೂ ಕುಡಿದದ್ದು, ಹೊಟ್ಟೆ ಹಿಡಿದುಕೊಂಡು ಬಿದ್ದದ್ದು, ದವಾಖಾನೆಯ ದಾರಿಯಲ್ಲೇ ಹೋಗಿಬಿಟ್ಟದ್ದು. ಅವರು ಕುಡಿದ ಖೋಲಿಯನ್ನು ತಾನು ಕಂಡದ್ದು ಮರುದಿನ ಬೆಳಿಗ್ಗೆ ಒಂಬತ್ತಕ್ಕೆ, ಪಿಎಸ್‌ಐ ಸಾಹೇಬರ ಜೊತೆಗೆ. ಬಾಟಲಿ ಅಷ್ಟು ಹೊತ್ತಿಗೆ ಅರ್ಧವಾಗಿತ್ತು.

ಅರ್ಧ. ಉಡಚಪ್ಪನವರಿಗೆ ಮೂರು ದಿನದಿಂದ ಚುಚ್ಚುತ್ತಿದ್ದುದು ಈ ಒಂದು ಪದ.

ರೋಣದಲ್ಲಿ ಸಬ್‌ಜೈಲಿನ ಎದುರಿನ ಬೇವಿನ ಮರದ ಕೆಳಗೆ ಜೀಪು ನಿಂತಿತು. ಕೈಚೀಲವನ್ನು ಸೀಟಿನ ಮೇಲಿಟ್ಟು ಉಡಚಪ್ಪನವರು ಇಳಿದು ಹೋದರು. ಗೇಟಿನ ಬಳಿ ಖಾದರನ ತಾಯಿ ಖತೀಜಾಬಿ ಬುತ್ತಿ ಹಿಡಿದುಕೊಂಡು ನಿಂತಿದ್ದಳು. ಅವಳ ಗಂಡ ಮೋದಿನಸಾಬ ಇಪ್ಪತ್ತು ವರ್ಷ ಉಡಚಪ್ಪನವರ ಜೀಪು ಓಡಿಸಿದವನು, ಅವರ ತೋಳಿನ ಮೇಲೆಯೇ ಪ್ರಾಣ ಬಿಟ್ಟವನು. ಮಗನನ್ನು ನೋಡಿಕೊಳ್ಳಿ ಎಂದು ಅವನು ಹೇಳಿರಲಿಲ್ಲ, ಹೇಳುವ ಅಗತ್ಯವಿದೆಯೆಂದು ಇಬ್ಬರಿಗೂ ಅನ್ನಿಸಿರಲಿಲ್ಲ.

ನಾಳೆ ಬೆಳಿಗ್ಗೆ ಕೋರ್ಟಿನಲ್ಲಿ ಜಾಮೀನಿನ ಅರ್ಜಿ ಬರುವುದಿತ್ತು. ಪೊಲೀಸರು ಈ ವಾಸನೆಯ ಮಾತನ್ನು ಹಿಡಿದು ನಿಂತರೆ ಅದು ಸಿಗುವುದಿಲ್ಲ, ಆಮೇಲೆ ಕೊಲೆಯ ಖಟ್ಲೆ ಎಷ್ಟು ವರ್ಷ ನಡೆಯುತ್ತದೋ ಯಾರು ಹೇಳಬೇಕು. ವಕೀಲರು ಇದನ್ನೆಲ್ಲ ಖತೀಜಾಬಿಗೆ ಹೇಳಿದ್ದರು. ಇನ್ನೊಂದು ಸುದ್ದಿಯೂ ಅವಳಿಗೆ ಮುಟ್ಟಿತ್ತು.

"ಅಣ್ಣಾರ, ನೀವು ಅದನ್ನ ಕುಡೀತೀರಂತ," ಎಂದಳು.

"ಒಂದಽ ಗ್ಲಾಸ್, ತಂಗಿ."

"ಅವರಪ್ಪ ನಿಮ್ಮ ಹಂತೇಕ ಇದ್ದಷ್ಟು ದಿನ ಜಪ್ತಿ ಮಾಡಿದ ಸೆರೆ ಹೊತ್ತಾನ, ಬಾಯಿಗೆ ಹಚ್ಚಿಲ್ಲ. ಉಡಚಪ್ಪ ಸಾಹೇಬ್ರ ಆಣೀನಽ ನಂದೂ ಆಣಿ ಅಂತಿದ್ದ." ಅವಳು ಬುತ್ತಿಯ ಗಂಟು ಬಿಗಿ ಮಾಡಿದಳು. "ನನ್ನ ಮಗನ ಸಲುವಾಗಿ ನೀವು ಅದನ್ನ ಮುರೀತೀರಿ. ಬ್ಯಾಡ ಅನ್ನಾಕ ನನಗ ಬಾಯಿ ಬರವಲ್ದು. ಅದಽ ನಾಚಿಕಿ ಆಗತೈತ್ರಿ."

ಉಡಚಪ್ಪನವರ ಕಣ್ಣು ತುಂಬಿದವು. ಬುತ್ತಿ ಇಸಿದುಕೊಂಡು ತಾವೇ ಒಳಗೆ ಹೋದರು. ಖಾದರ ಸೊರಗಿಹೋಗಿದ್ದ. ಅವನು ಹೇಳಿದ್ದು ಹದಿನೆಂಟು ದಿನದಿಂದ ಹೇಳುತ್ತಿದ್ದ ಅದೇ ಮಾತು, ಸೀಲು ತಾನು ಮುಟ್ಟಿಲ್ಲ. ರೊಟ್ಟಿಯನ್ನು ಅರ್ಧ ತಿಂದು, ಉಳಿದದ್ದನ್ನು ಅವ್ವನಿಗೆ ಕೊಡಿ, ಅವಳು ಉಂಡಿರುವುದಿಲ್ಲ ಎಂದು ತಿರುಗಿ ಕೊಟ್ಟ. ಅವರು ಹೊರಗೆ ಬರುವಷ್ಟರಲ್ಲಿ ಅರ್ಧ ತಾಸು ಕಳೆದಿತ್ತು. ಕಳಕಪ್ಪ ಜೀಪಿನಲ್ಲಿಯೇ ಕುಳಿತಿದ್ದ, ಕೈಚೀಲ ಇಟ್ಟಲ್ಲೇ ಇತ್ತು.

ಅಬ್ಬಿಗೇರಿ ದಾಟುವ ಹೊತ್ತಿಗೆ ಕಳಕಪ್ಪನ ಮೊಬೈಲು ರಿಂಗಾಯಿತು. ಜೀಪು ಬದಿಗೆ ನಿಲ್ಲಿಸಿ, ಹೂಂ ಹೂಂ ಎಂದು ಕೇಳಿ, ಇಟ್ಟ.

"ಲ್ಯಾಬಿಂದ ರಿಪೋರ್ಟ್ ಬಂತಂತ್ರಿ. ಬಾಟ್ಲ್ಯಾಗ ವಿಷ ಐತಂತ. ಹತ್ತಿಗೆ ಹೊಡಿಯೋ ಎಣ್ಣಿ."

ಉಡಚಪ್ಪನವರು ಕೈಚೀಲದ ಕಡೆ ನೋಡಿದರು. ವಾಸನೆ ಹೊಗೆಯದೇ ಇರಬಹುದು, ಆದರೆ ಆ ಬಾಟಲಿಯಲ್ಲಿ ವಿಷವೂ ಇತ್ತು. ಇನ್ನು ಕುಡಿದು ತೋರಿಸಿ ಬಂದ ಲಾಭವೇನು?

ಕಳಕಪ್ಪನೇ ಧೈರ್ಯ ಹೇಳಿದ. ಬಿಚ್ಚುವ ಮೊದಲೇ ವಿಷ ಇತ್ತೆಂಬುದಕ್ಕೆ ಪೊಲೀಸರಿಗೆ ಇದ್ದ ಆಧಾರ ಆ ವಾಸನೆ ಒಂದೇ; ಅದು ವಿಸ್ಕಿಯ ಹುಟ್ಟುಗುಣವೆಂದು ಸಾಬೀತಾದರೆ ವಿಷ ಆಮೇಲೆ ಯಾರಾದರೂ ಹಾಕಿರಬಹುದು ಎಂಬ ಮಾತಿಗೆ ಜಾಗ ಸಿಗುತ್ತದೆ. ಆದ್ದರಿಂದ ಸಾಹೇಬರು ಕುಡಿಯುವುದನ್ನು ಬಿಡಬಾರದು. ಮಾತು ಖರೇ ಇತ್ತು. ಉಡಚಪ್ಪನವರು ಅವನ ಹೆಗಲು ತಟ್ಟಿದರು.

ಗಜೇಂದ್ರಗಡದಲ್ಲಿ ವಾಡೆಯ ಎದುರು ಜೀಪು ನಿಂತಾಗ ಮೂರು ಹೊಡೆದಿತ್ತು. ಕಳಕಪ್ಪ ಒಳಗೆ ಬರಲಿಲ್ಲ. ದುಃಖದ ಮನೆ, ಖಾಕಿ ಕಂಡರೆ ಅವ್ವಾರು ಅಂಜುತ್ತಾರೆ, ಈತನಕ ಅವರ ಜೊತೆ ತಾನು ಒಂದು ಮಾತೂ ಆಡಿದ್ದಿಲ್ಲ ಎಂದ. ಉಡಚಪ್ಪನವರು ಕೈಚೀಲ ಹಿಡಿದು ಒಬ್ಬರೇ ಪಡಸಾಲೆ ಹತ್ತಿದರು.

ಅಂದಾನೆಪ್ಪನವರ ತಮ್ಮ ಶಶಿಕಾಂತ ಎದ್ದು ನಿಂತ, ಕೂಡ್ರಿ ಎನ್ನಲಿಲ್ಲ. ಬಾಗಿಲ ಮರೆಯಲ್ಲಿ ಅಂದಾನೆಪ್ಪನವರ ಹೆಂಡತಿ ಗೌರವ್ವನವರ ಸೆರಗು ಕಾಣುತ್ತಿತ್ತು. ಉಡಚಪ್ಪನವರು ಪೇಪರು ಬಿಚ್ಚದೆ, ಬಾಟಲಿಯ ಕುತ್ತಿಗೆಯಷ್ಟನ್ನೇ ಚೀಲದಿಂದ ಹೊರಗೆ ತೆಗೆದು ಬಿರಡೆ ಸಡಿಲಿಸಿ ಅವನ ಮುಂದೆ ಚಾಚಿದರು.

ಶಶಿಕಾಂತನ ಮುಖ ಕಿವುಚಿತು. "ಇದಽ. ಅವತ್ತಿನ ವಿಷದ ವಾಸನಿ ಇದಽ."

"ಇದರ ಸೀಲ್ ಈವತ್ತ ಮುಂಜಾನಿ ನಾನಽ ಮುರದೀನಿ."

"ಅಂದ್ರ ಎರಡರಾಗೂ ಹಾಕ್ಯಾನ. ಎರಡೂ ತಂದಾವ ಅವನಽ ಅಲ್ಲೇನ್ರಿ?"

"ಅದಕ್ಕಽ ನಾಲ್ಕಕ್ಕ ನಾ ಕುಡಿಯಾಂವ ಅದೀನಿ. ನಾ ಸತ್ತರ ನಿಮ್ಮ ಮಾತು ಖರೇ."

ಅಂದಾನೆಪ್ಪನವರು ಕುಡಿಯುತ್ತಿದ್ದ ಪಾತ್ರೆಯನ್ನು ಉಡಚಪ್ಪನವರು ಕೇಳಿ ತರಿಸಿಕೊಂಡರು. ಅದು ಮಲಗುವ ಖೋಲಿಯ ಗೂಡಿನಲ್ಲಿದ್ದ ಪುಟ್ಟ ಬೆಳ್ಳಿ ಬಟ್ಟಲು, ಪೊಲೀಸರು ತೊಳೆದದ್ದೆಂದು ಬಿಟ್ಟುಹೋಗಿದ್ದರು. ದಿನಾ ಒಂದೇ ಬಟ್ಟಲು, ಮಂತ್ರಿ ಬಂದು ಕುಳಿತರೂ ಎರಡನೆಯದಿಲ್ಲ, ಈ ಶಿಸ್ತು ಇಡೀ ಗಜೇಂದ್ರಗಡಕ್ಕೆ ಗೊತ್ತು. ಉಡಚಪ್ಪನವರು ಅದನ್ನು ಶಶಿಕಾಂತನ ಎದುರಿಗೆ ಇಟ್ಟರು.

"ಈ ಬಟ್ಟಲಾ ತುಂಬಿದ್ರ ಬಾಟ್ಲಿ ಎರಡ್ ಬಟ್ಟು ಇಳೀತದ. ಪಂಚನಾಮೆದಾಗ ಅರ್ಧ ಇಳದೈತಿ. ಉಳಿದದ್ದು ಯಾರ್ ಕುಡದ್ರು?"

"ಅಣ್ಣಾನಽ ಕುಡದಿರಬೇಕು."

"ಇಷ್ಟು ನಾರೋ ಸೆರೇನ ಅಂದಾನೆಪ್ಪನವರು ಎಂದಿಲ್ಲದ್ದು ಅರ್ಧ ಬಾಟ್ಲಿ ಕುಡದ್ರು ಅಂತೀರಿ. ನೀವೂ ಕುಡದ್ರೇನು?"

"ನಾ ಕುಡದಿದ್ರ ನಿಮ್ಮ ಮುಂದ ನಿಂದರತಿದ್ದಿಲ್ಲ," ಎಂದು ಶಶಿಕಾಂತ ಸಿಟ್ಟಿನಿಂದ ಮುಖ ತಿರುಗಿಸಿದ. ಪಂಚರು ಬರುವ ಹೊತ್ತಾಯಿತು, ಕುರ್ಚಿ ತರಿಸಬೇಕು ಎಂದು ಹೊರಗೆ ಹೋಗಿಬಿಟ್ಟ. ಅವನ ಹೆಜ್ಜೆಯಲ್ಲಿ ಗಡಿಬಿಡಿ ಇತ್ತು. ಅದನ್ನು ಉಡಚಪ್ಪನವರು ಮನಸ್ಸಿನಲ್ಲಿಟ್ಟುಕೊಂಡರು.

ಪಡಸಾಲೆಯಲ್ಲಿ ಸದ್ದಿಲ್ಲ. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ನಿಧಾನಕ್ಕೆ ತಿರುಗುತ್ತಿದ್ದವು.

"ಅಣ್ಣಾರ," ಎಂಬ ದನಿ ಬಾಗಿಲ ಹಿಂದಿನಿಂದ ಬಂತು. "ಅದನ್ನ ಕುಡದ್ರ ಸಾಯೂದಿಲ್ರಿ."

ಉಡಚಪ್ಪನವರು ಅಲುಗಾಡಲಿಲ್ಲ.

"ಮೊದಲ ಎದಿ ಸುಟ್ಟು ಹೊಗಿ ತುಂಬತೈತಿ. ಆಮ್ಯಾಲ ಭಾಳ ಹೊತ್ತಿಗೆ ನಾಲಿಗಿ ಬುಡದಾಗ ಬೆಲ್ಲದ ಪಾಕ ಹೊತ್ತಿದಂಗ ಸೀ ಬರತೈತಿ."

ಬೆಳಿಗ್ಗೆ ನರಗುಂದದಲ್ಲಿ ತಮ್ಮ ನಾಲಿಗೆಯ ಮೇಲೆ ಎದ್ದ ಅದೇ ಸಿಹಿ. ಮೂಗಿಗೆ ಸಿಗದ ಸಂಗತಿ. ಪೂಜೆಯಾಗದೆ ನೀರೂ ಮುಟ್ಟದ ಹೆಂಗಸಿನ ಬಾಯಲ್ಲಿ ಆ ಮಾತು ಕೇಳಿ ಉಡಚಪ್ಪನವರು ಬಾಗಿಲ ಕಡೆ ತಿರುಗಿದರು.

"ನೀವು ಕುಡದ್ರಿ, ತಾಯಿ?"

ಗೌರವ್ವ ಬಾಗಿಲ ಈಚೆ ಬಂದು ಕುಂಕುಮವಿಲ್ಲದ ಹಣೆ ಎತ್ತಿ ನಿಂತರು. ತಡವರಿಸದೆ ಹೇಳಿದರು. ಮನೆಯವರೆಲ್ಲ ದವಾಖಾನೆಯಲ್ಲಿದ್ದರು, ಬೆಳಕು ಹರಿಯುವಾಗ ತಮ್ಮನ್ನಷ್ಟೇ ಮನೆಗೆ ತಂದು ಬಿಟ್ಟರು. ಆ ಖೋಲಿಯಲ್ಲಿ ಬಾಟಲಿ ಹಾಗೇ ಇತ್ತು. ಅದರಲ್ಲಿ ವಿಷ ಇದೆ ಎಂದು ಎಲ್ಲರೂ ಅಂದಿದ್ದರು.

"ಅವರು ಹ್ವಾದ ಹಾದೀಲೇ ಹೋಗೂಣು ಅಂತ ನೀರಿನ ಗ್ಲಾಸ್ ತುಂಬ ಸುರುವಿಕೊಂಡು ಕುಡದೆ. ಗ್ವಾಡಿಗೆ ಒರಗಿ ಕಾಯ್ಕೋತ ಕುಂತೆ. ಸಾವು ಬರಲಿಲ್ಲ, ಆ ಸೀ ಬಂತು. ನನಗ ಸಾಯಾಕೂ ಬರಲಿಲ್ಲ ಅಂತ ಯಾರ ಮುಂದ ಹೇಳ್ಲಿ?"

ಅವರ ದುಃಖದ ಮುಂದೆ ಉಡಚಪ್ಪನವರ ತಲೆ ತಗ್ಗಿತು. ಅದೇ ಕ್ಷಣ ಎದೆಯೊಳಗೆ ಸಂತೋಷವೂ ನುಗ್ಗಿತು, ಅದಕ್ಕಾಗಿ ನಾಚಿಕೆಯೂ ಆಯಿತು. ಬೆಳಕು ಹರಿಯುವಾಗ ಬಾಟಲಿ ಶುದ್ಧವಾಗಿತ್ತು. ಒಂಬತ್ತಕ್ಕೆ ಪೊಲೀಸರು ಸೀಲು ಹಾಕಿದ ಬಾಟಲಿಯಲ್ಲಿ ಹತ್ತಿಗೆ ಹೊಡೆಯುವ ಎಣ್ಣೆ ಇತ್ತು. ಅಂದಾನೆಪ್ಪನವರಿಗೆ ವಿಷ ಹಾಕಿದ್ದು ಈ ಬೆಳ್ಳಿ ಬಟ್ಟಲಿಗೆ. ಆಮೇಲೆ ಊರೆಲ್ಲ ಬಾಟಲಿಯನ್ನೇ ಬೈಯುವುದನ್ನು ಕೇಳಿ, ಹಾಕಿದ ಕೈ ಅದಕ್ಕೂ ಎಣ್ಣೆ ಬೆರೆಸಿಟ್ಟಿತ್ತು. ಆ ಹೊತ್ತಿನಲ್ಲಿ ಖಾದರ ಗುಡ್ಡದ ಮೇಲೆ ನಲವತ್ತು ಕೂಲಿಗಳ ನಡುವೆ ಇದ್ದ.

"ಇದನ್ನ ನಾಳೆ ಕೋರ್ಟಿನ್ಯಾಗ ಹೇಳತೀರೇನ್ರಿ?" ಎಂದು ಕೇಳಿದರು. ಕೇಳಿದ್ದರ ಭಾರ ಅವರಿಗೆ ಗೊತ್ತಿತ್ತು. ಅಂದಾನೆಪ್ಪನವರ ಹೆಂಡತಿ ಗಂಡ ಸತ್ತ ಬೆಳಗು ಗ್ಲಾಸು ತುಂಬ ಸೆರೆ ಕುಡಿದಳಂತೆ ಎಂಬಷ್ಟೇ ಮಾತು ಊರಿನಲ್ಲಿ ಉಳಿಯುತ್ತದೆ. ಯಾಕೆ ಕುಡಿದಳೆಂದು ಯಾರೂ ಕೇಳುವುದಿಲ್ಲ.

ಗೌರವ್ವ ಗಂಡನ ಬೆಳ್ಳಿ ಬಟ್ಟಲಿನ ಕಡೆ ನೋಡಿದರು. ಆಮೇಲೆ, "ಆ ಖಾದರಗ ತಾಯಿ ಅದಾಳೇನ್ರಿ?" ಎಂದರು.

"ಅದಾಳ. ಜೇಲಿನ ಮುಂದ ನಿಂತಾಳ."

"ಹೇಳತೀನಿ."

ಒಳಗೆ ಹೋಗಲು ತಿರುಗಿದವರು ಮತ್ತೆ ನಿಂತರು. ತಾವು ಕುಡಿದದ್ದನ್ನು ಒಬ್ಬರು ಕಂಡಿದ್ದರು ಎಂದರು. ಕಾಲ ಸಪ್ಪಳ ಕೇಳಿ ಸೆರಗು ಮುಖಕ್ಕೆ ಎಳೆದುಕೊಂಡದ್ದರಿಂದ ಕಂಡದ್ದು ಖಾಕಿ ಪ್ಯಾಂಟು ಅಷ್ಟೇ. ಆ ಮನುಷ್ಯ ಅವರ ಕೈಯಿಂದ ಗ್ಲಾಸು ತೆಗೆದುಕೊಂಡು, ಬಚ್ಚಲಲ್ಲಿ ತೊಳೆದು ಬೋರಲು ಹಾಕಿದ. ನೀವು ಒಳಗೆ ನಡೀರಿ ಅವ್ವಾರ, ನಾ ಏನೂ ಕಂಡಿಲ್ಲ ಎಂದ. ಮರ್ಯಾದೆ ಉಳಿಸಿದ ದೇವರಂಥ ಮನುಷ್ಯ ಎಂದು ಇಷ್ಟು ದಿನ ಅವನನ್ನು ಮನಸ್ಸಿನಲ್ಲೇ ಹರಸಿದ್ದೇನೆ ಎಂದರು.

"ಮುಖಾ ಕಂಡಿಲ್ರಿ. ದನಿ ಕೇಳಿದ್ರ ಗುರ್ತ ಹಿಡೀತೀನಿ."

ಒಂಬತ್ತರ ಮೊದಲು ಪೊಲೀಸರು ಯಾರೂ ಈ ವಾಡೆಗೆ ಬಂದಿರಲಿಲ್ಲವೆಂದು ಪಂಚನಾಮೆ ಹೇಳುತ್ತಿತ್ತು. ಉಡಚಪ್ಪನವರು ಏನನ್ನೋ ನೆನೆಸಿಕೊಂಡು ನಿಧಾನಕ್ಕೆ ಚೀಲದಿಂದ ಬಾಟಲಿ ಪೂರ್ತಿ ಈಚೆ ತೆಗೆದರು, ಪೇಪರು ಬಿಚ್ಚಿದರು.

ಧೋತರದ ದಾರ ಕಟ್ಟಿದಲ್ಲೇ ಇತ್ತು. ವಿಸ್ಕಿ ದಾರಕ್ಕಿಂತ ಒಂದು ಉಗುರಿನಷ್ಟು ಮೇಲೆ ನಿಂತಿತ್ತು.

ಅವರು ಬೆಳಕಿಗೆ ಹಿಡಿದು ನೋಡಿದರು, ಮತ್ತೆ ನೋಡಿದರು. ಎಡ ಅಂಗೈಗೆ ನಾಲ್ಕು ಹನಿ ಬಿಟ್ಟುಕೊಂಡು ತಿಕ್ಕಿದರು. ಟಿಂಚರು ಬಂದು ಹೋಯಿತು. ಹೊಗೆ ಬಂತು, ಬೆಳಗಿನಷ್ಟೇ ದಟ್ಟವಾಗಿ. ಇದೇ ಹೊಗೆ ಏನನ್ನು ಬೇಕಾದರೂ ಮುಚ್ಚಿಬಿಡುತ್ತದೆ ಎಂದು ಅವರಿಗೆ ಈಗ ಹೊಳೆಯಿತು. ಕೈ ಬಿಚ್ಚಿ ಹಿಡಿದು ಕಾದರು. ಜವೆಗೋಧಿ ಬರಲಿಲ್ಲ, ಉಪ್ಪು ಬರಲಿಲ್ಲ. ಹೊಗೆ ಹಾರಿದ ಮೇಲೆ ಅಂಗೈಯಲ್ಲಿ ಉಳಿದದ್ದು ಕೊಳೆತ ಬೆಳ್ಳುಳ್ಳಿಯ ನಾತ. ಔಷಧಿ ಹೊಡೆದ ಹತ್ತಿ ಹೊಲದ ಬದುವಿನಲ್ಲಿ ನಡೆದ ಯಾರಿಗೂ ಅದನ್ನು ಹೇಳಿಕೊಡಬೇಕಾಗಿಲ್ಲ.

ನರಗುಂದದಿಂದ ಇಲ್ಲಿಯ ತನಕ ಈ ಚೀಲ ಅವರ ಕೈ ಬಿಟ್ಟದ್ದು ಒಂದೇ ಸಲ, ಬೇವಿನ ಮರದ ಕೆಳಗೆ, ಅರ್ಧ ತಾಸು. ನಾಲ್ಕಕ್ಕೆ ಇದನ್ನು ಕುಡಿದು ಅವರು ಪಂಚರ ಕಣ್ಣೆದುರು ಬಿದ್ದಿದ್ದರೆ, ಎರಡೂ ಬಾಟಲಿಗೆ ವಿಷ ಹಾಕಿದವನು ಖಾದರನೇ ಎಂಬುದಕ್ಕೆ ಬೇರೆ ಸಾಕ್ಷಿಯೇ ಬೇಕಾಗುತ್ತಿರಲಿಲ್ಲ. ಖತೀಜಾಬಿ ಸಾಯುವ ತನಕ ಆ ಗೇಟಿನ ಮುಂದೆ ನಿಲ್ಲುತ್ತಿದ್ದಳು.

ಹೊರಗೆ ಪಿಎಸ್‌ಐಯ ಜೀಪು ಬಂದು ನಿಂತ ಸದ್ದು, ಕುರ್ಚಿ ಎಳೆಯುವ ಸದ್ದು ಕೇಳಿಸಿತು. ಪಡಸಾಲೆಯ ಮೆಟ್ಟಿಲ ಬಳಿ ಯಾರೋ ಬೂಟು ಕಳಚಿದರು.

"ಸಾಹೇಬ್ರ," ಎಂದು ಮೆತ್ತಗಿನ ದನಿ ಕರೆಯಿತು. "ನಾಲ್ಕಾತ್ರಿ. ಎಲ್ಲಾರೂ ಬಂದಾರ. ಗ್ಲಾಸ್ ನಾನಽ ತೊಳಕೊಂಡ ಬಂದೀನ್ರಿ."

ಗೌರವ್ವನವರ ಕೈ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿತು. ಅವರು ಉಡಚಪ್ಪನವರ ಮುಖ ನೋಡಿ, ಬಾಯಿ ಬಿಡದೆ, ಹೌದೆಂದು ತಲೆಯಾಡಿಸಿದರು.